ಸೀಟು ರಾಜ್ಯಕ್ಕೆ ಸಿಕ್ಕಿತು, ರಾಜ್ಯದೊಳಗಿನ ಸಣ್ಣವರಿಗೆ?

ದೊಡ್ಡ ರಾಜ್ಯಕ್ಕೆ ಹೆಚ್ಚು ಸೀಟು ಕೊಡಬೇಕಾ, ಎಲ್ಲರಿಗೂ ಸಮ ಕೊಡಬೇಕಾ? 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿದ್ದ ಅಮೆರಿಕದ ಸಂವಿಧಾನ ಸಭೆ ಈ ಪ್ರಶ್ನೆಗೇ ಒಡೆದುಹೋಗೋ ಹಂತಕ್ಕೆ ಬಂದಿತ್ತು. ವರ್ಜೀನಿಯಾದವರು ಜನಸಂಖ್ಯೆ ನೋಡಿ ಅಂದ್ರು. ನ್ಯೂಜೆರ್ಸಿ, ಡೆಲವೇರ್‌ನವರು ಸುತಾರಾಂ ಒಪ್ಪಲಿಲ್ಲ. ಕೊನೆಗೆ ಜುಲೈ 16ರಂದು 5–4 ಮತದಲ್ಲಿ ರಾಜಿ ಆಯ್ತು: ಕೆಳಮನೆಗೆ ಜನಸಂಖ್ಯೆ, ಸೆನೆಟ್‌ಗೆ ಸಮಪಾಲು. ಇವತ್ತಿಗೂ ಕ್ಯಾಲಿಫೋರ್ನಿಯಾಕ್ಕೂ ಪುಟ್ಟ ವಯೋಮಿಂಗ್‌ಗೂ ಇಬ್ಬಿಬ್ಬರೇ ಸೆನೆಟರುಗಳು.

ಸಣ್ಣವರು ಗೆದ್ರು ಅಂತ ನಮಗೆ ಖುಷಿಯಾಗುತ್ತೆ. ಆದರೆ ಗೆದ್ದದ್ದು ಸಣ್ಣ ರಾಜ್ಯಗಳು, ರಾಜ್ಯದೊಳಗಿನ ಸಣ್ಣ ಜನರಲ್ಲ. ಅದೇ ರಾಜಿಯಲ್ಲಿ ಐವರು ಗುಲಾಮರನ್ನು ಮೂವರೆಂದು ಲೆಕ್ಕ ಹಿಡಿದರು. ತಲೆ ಅವರದು, ಸೀಟು ಯಜಮಾನರದು.

ಬಹುಮತವೇ ಒಂದು ಬಣವಾದರೆ ಅದನ್ನು ತಡೆಯೋದು ಹೇಗೆ ಅಂತ ಜೇಮ್ಸ್ ಮ್ಯಾಡಿಸನ್ ಅದೇ ನವೆಂಬರಿನಲ್ಲಿ ಬರೆದರು. ದೇಶ ದೊಡ್ಡದಾದಷ್ಟೂ ಬಣಗಳು ಹೆಚ್ಚು, ಒಂದೇ ಬಣ ಎಲ್ಲವನ್ನೂ ಹಿಡಿಯೋದು ಕಷ್ಟ. ಸಣ್ಣ ಸಮಾಜದಲ್ಲಿ ಅದು ಸುಲಭ ಅನ್ನೋದು ಅವರ ವಾದ. ಗಡಿಯಲ್ಲಿರೋ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಇಡೀ ಭಾರತದಲ್ಲಿ ಯಾವ ಭಾಷೆಯವರೂ ಅರ್ಧಕ್ಕಿಂತ ಹೆಚ್ಚಿಲ್ಲ. ನಾವಿರೋ ರಾಜ್ಯದಲ್ಲಿ ಇದ್ದಾರೆ.

ನಮ್ಮ ಸಂವಿಧಾನ ಬರೆದವರು ಸೆನೆಟ್‌ನ ಸಮಪಾಲು ತಗೊಳ್ಳಲಿಲ್ಲ. ರಾಜ್ಯಸಭೆಯಲ್ಲಿ ಉತ್ತರ ಪ್ರದೇಶಕ್ಕೆ 31, ಗೋವಾಕ್ಕೆ 1. ಬದಲಿಗೆ ರಾಜ್ಯದೊಳಗಿನ ಅಲ್ಪಸಂಖ್ಯಾತರಿಗೆ ನೇರವಾಗಿ ಹಕ್ಕು ಬರೆದಿಟ್ಟರು. 29ನೇ ವಿಧಿ ಭಾಷೆ ಉಳಿಸಿಕೊಳ್ಳೋಕೆ, 30ನೇ ವಿಧಿ ನಮ್ಮದೇ ಶಾಲೆ ಕಟ್ಟಿ ನಡೆಸೋಕೆ. 1956ರಲ್ಲಿ ಭಾಷಾವಾರು ಗೆರೆ ಎಳೆದಾಗ ಆಚೆ ಉಳಿದವರಿಗಾಗಿ 350ಎ ಮತ್ತು 350ಬಿ ಸೇರಿದವು: ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣ, ಮತ್ತು ಈ ರಕ್ಷಣೆಗಳನ್ನು ಪರಿಶೀಲಿಸೋಕೆ ಒಬ್ಬ ವಿಶೇಷ ಅಧಿಕಾರಿ.

ಕೇರಳದ 9 ರಾಜ್ಯಸಭಾ ಸೀಟಿನ ಲೆಕ್ಕದಲ್ಲಿ ಕಾಸರಗೋಡಿನ ಕನ್ನಡಿಗರೂ ಇದ್ದಾರೆ. ತಮಿಳುನಾಡಿನ 18ರಲ್ಲಿ ತಾಳವಾಡಿಯವರೂ ಇದ್ದಾರೆ. ಆ ಲೆಕ್ಕವೊಂದರಿಂದಲೇ ಶಾಲೆಗೆ ಕನ್ನಡ ಮೇಷ್ಟ್ರು ಬರಲ್ಲ. ಆದರೆ ನಾವು ಫಿಲಡೆಲ್ಫಿಯಾದ ಗುಲಾಮರಲ್ಲ. ನಮಗೆ ಓಟಿದೆ, ವಿಧಿಗಳಿವೆ.

ಒಂದು ಮಾತ್ರ ನೆನಪಿರಲಿ. ಶಿಕ್ಷಣ ಸೌಲಭ್ಯ ಕೊಡೋಕೆ ರಾಜ್ಯ ‘ಪ್ರಯತ್ನಿಸಬೇಕು’ ಅಂತಷ್ಟೇ 350ಎ ಹೇಳುತ್ತೆ. ಆ ಪದ ಸಡಿಲ. ಅದನ್ನು ಬಿಗಿ ಮಾಡಬೇಕಾದ್ದು ನಮ್ಮ ಅರ್ಜಿ, ಶಾಲೆಯಲ್ಲಿ ನಮ್ಮ ಮಕ್ಕಳ ಹಾಜರಿ. ಮುಂದಿನ ಸಲ ಕಚೇರಿಗೆ ಹೋಗುವಾಗ ಮನವಿಯ ಮೊದಲ ಸಾಲಲ್ಲೇ ವಿಧಿಯ ನಂಬರ್ ಬರೆಯೋಣ.