ಮೂಗಿಗಿಂತ ಮೂಗುತಿ ಭಾರ

ಭೋಸರಿಯಲ್ಲೋ ಅಂಬತ್ತೂರಿನಲ್ಲೋ ಅರ್ಧ ಶೆಡ್ಡು ಬಾಡಿಗೆ ಹಿಡಿದು, ಸಾಲ ಮಾಡಿ ಮೊದಲ ಸಿಎನ್‌ಸಿ ರೌಟರ್ ತರಲು ಹೊರಟವರಿಗೆ ಪುಕ್ಕಟೆಯಾಗಿ ಸಿಗುವ ಸಲಹೆ ಒಂದಿದೆ: ‘ಯಂತ್ರ ಚೆನ್ನಾಗಿ ಓಡಬೇಕಾದರೆ ಭರ್ಜರಿ ಕಂಪ್ಯೂಟರ್ ಬೇಕು.’ ಮೂಗಿಗಿಂತ ಮೂಗುತಿ ಭಾರವಾಗುವುದು ಹೀಗೆ.

ಕೇಳಬೇಕಾದ ಪ್ರಶ್ನೆ ಒಂದೇ: ಮೋಟರಿಗೆ ಯಾವ ಕ್ಷಣ ಹೆಜ್ಜೆ ಇಡಬೇಕೆಂದು ಹೇಳುವವರು ಯಾರು? ಸ್ಟೆಪ್ಪರ್ ಮೋಟರು ಪ್ರತಿ ಮಿಡಿತಕ್ಕೊಂದು ಹೆಜ್ಜೆಯಂತೆ ತಿರುಗುತ್ತದೆ. ಮಿಡಿತದ ಲಯ ತಪ್ಪಿದರೆ ಹೆಜ್ಜೆ ತಪ್ಪುತ್ತದೆ, ಕೆತ್ತನೆ ಕೆಡುತ್ತದೆ. ಪ್ಯಾರಲಲ್ ಪೋರ್ಟಿನಲ್ಲಿ ಮ್ಯಾಕ್ 3 ಓಡಿಸುತ್ತಿದ್ದವರಿಗೆ ಈ ಮಿಡಿತ ಕಂಪ್ಯೂಟರಿನಿಂದಲೇ ಬರಬೇಕಿತ್ತು. ಅವರ ಚಿಂತೆ ನ್ಯಾಯವಾದದ್ದು. ಆದರೆ 2009ರಲ್ಲಿ ಹುಟ್ಟಿದ ಜಿಆರ್‌ಬಿಎಲ್ ಆ ಹೊಣೆಯನ್ನು ಆರ್ಡುಯಿನೊ ಬೋರ್ಡಿಗೆ ವಹಿಸಿತು. ಯುನೊ ಬೋರ್ಡಿನ ವೇಗ 16 ಮೆಗಾಹರ್ಟ್ಸ್, ರ‍್ಯಾಮ್ 2 ಕಿಲೋಬೈಟ್. ಕೆತ್ತನೆಗೆ ಅಷ್ಟು ಸಾಕಾಯಿತು. ಇಂಥ ಯಂತ್ರದಲ್ಲಿ ಕಂಪ್ಯೂಟರು ಬರೀ ಅಂಚೆಯವನು. ಜಿ-ಕೋಡಿನ ಸಾಲುಗಳನ್ನು ಯುಎಸ್‌ಬಿ ತಂತಿಯಲ್ಲಿ ತಲುಪಿಸಿದರೆ ಅವನ ಕೆಲಸ ಮುಗಿಯಿತು. ಅಂಚೆಯವನಿಗೆ ರೇಸ್ ಕುದುರೆ ಏಕೆ?

‘ವಿನ್ಯಾಸ ಮಾಡಲು ಬೇಕಲ್ಲ?’ ಎನ್ನುವವರಿದ್ದಾರೆ. ನಿಜ, ಉಬ್ಬುಕೆತ್ತನೆಯ ದಾರಿಯನ್ನು ಲೆಕ್ಕ ಹಾಕಲು ಶಕ್ತಿ ಬೇಕು. ಆ ಕೆಲಸ ಮನೆಯ ಮೇಜಿನ ಮೇಲಾಗಲಿ, ಮರದ ಪುಡಿ ಫ್ಯಾನಿಗೆ ಸೇರುವ ಶೆಡ್ಡಿನಲ್ಲಲ್ಲ. ಲಿನಕ್ಸ್‌ಸಿಎನ್‌ಸಿಯಲ್ಲಿ ಇಂದಿಗೂ ಕಂಪ್ಯೂಟರೇ ಮಿಡಿತ ಕೊಡಬಹುದು. ಆದರೆ ಅಲ್ಲೂ ನೋಡಬೇಕಾದದ್ದು ಬೆಲೆಯನ್ನಲ್ಲ, ಲೇಟೆನ್ಸಿಯನ್ನು. ಅದನ್ನು ಅಳೆಯುವ ಪರೀಕ್ಷೆ ಆ ತಂತ್ರಾಂಶದ ಜೊತೆಗೇ ಬರುತ್ತದೆ. ಹಳೆಯ ಡೆಸ್ಕ್‌ಟಾಪ್ ಅದರಲ್ಲಿ ಹೊಸ ಲ್ಯಾಪ್‌ಟಾಪನ್ನು ಸೋಲಿಸುವುದುಂಟು.

ಹಾಗಾದರೆ ಕೆಲಸ ಕೆಡುವುದೆಲ್ಲಿ? ಮೂರು ಗಂಟೆಯ ಕೆತ್ತನೆಯ ನಡುವೆ ಲ್ಯಾಪ್‌ಟಾಪ್ ನಿದ್ದೆಗೆ ಜಾರಿದಾಗ. ವಿಂಡೋಸ್ ಅಪ್‌ಡೇಟ್ ನೆಪದಲ್ಲಿ ತಾನೇ ರೀಸ್ಟಾರ್ಟ್ ಆದಾಗ. ಸ್ಪಿಂಡಲ್ಲಿನ ವಿದ್ಯುತ್ ಗದ್ದಲಕ್ಕೆ ಅಗ್ಗದ ಯುಎಸ್‌ಬಿ ತಂತಿಯ ಸಂಪರ್ಕ ಕಡಿದಾಗ. ಇವಕ್ಕೆ ಹೊಸ ಪ್ರೊಸೆಸರ್ ಮದ್ದಲ್ಲ. ಸ್ಲೀಪ್ ಬಂದ್, ಇಂಟರ್ನೆಟ್ ಬಂದ್, ಶೀಲ್ಡ್ ಇರುವ ಗಿಡ್ಡ ತಂತಿ, ಸರಿಯಾದ ಅರ್ಥಿಂಗ್: ಇಷ್ಟಾದರೆ ಮನೆಯ ಅಟ್ಟದಲ್ಲಿರುವ ಲ್ಯಾಪ್‌ಟಾಪೇ ಸಾಕು.

ದುಡ್ಡು ಹೋಗಬೇಕಾದ ಕಡೆ ಬೇರೆ: ಹರಿತವಾದ ಬಿಟ್‌ಗಳು, ಪುಡಿ ಹೀರುವ ಯಂತ್ರ, ಎಲ್ಲಕ್ಕಿಂತ ಮೊದಲು ಎಮರ್ಜೆನ್ಸಿ ಸ್ಟಾಪ್. ಪರದೆಯ ಮೇಲಿನ ಸ್ಟಾಪ್ ಗುಂಡಿಯನ್ನು ನಂಬಿ ಬೆರಳು ಒಡ್ಡುವಂತಿಲ್ಲ. ಕಂಪ್ಯೂಟರು ಹ್ಯಾಂಗ್ ಆದರೆ ಆ ಗುಂಡಿಯೂ ಸತ್ತಂತೆ. ಸ್ಪಿಂಡಲ್ಲಿನ ವಿದ್ಯುತ್ತನ್ನೇ ಕಡಿಯುವ ಕೆಂಪು ಗುಂಡಿ ಕೈಗೆಟಕುವಲ್ಲಿರಬೇಕು.

ಇದೆಲ್ಲ ಆದ ಮೇಲೂ ಕಾಸು ಉಳಿದರೆ ಹೊಸ ಕಂಪ್ಯೂಟರ್ ಕೊಳ್ಳಲಿ. ಉಳಿಯದಿದ್ದರೆ ಯಂತ್ರಕ್ಕೇನೂ ಗೊತ್ತಾಗದು.