ಮಾದರಿಗಿಂತ ಅಂಕಿಯ ಪಟ್ಟಿ ನೋಡಿ

ಚಳಿನಾಡುಗಳ ಶಾಲಾಮಕ್ಕಳು ಮೆಚ್ಚಿ ಮಾಡುವ ಪ್ರಯೋಗವೊಂದಿದೆ. ಅಂಗೈ ಬೆಚ್ಚಗಿಡುವ ರಾಸಾಯನಿಕ ಚೀಲಗಳನ್ನು ತಂಪಾದ, ಸಾಧಾರಣವಾದ, ಬಿಸಿಯಾದ ಮೂರು ಜಾಗಗಳಲ್ಲಿಟ್ಟು, ಅವು ಎಷ್ಟು ಹೊತ್ತು, ಎಷ್ಟರಮಟ್ಟಿಗೆ ಕಾಯುತ್ತವೆಂದು ಬರೆದುಕೊಳ್ಳುವುದು. ಚೀಲದೊಳಗೆ ಕಬ್ಬಿಣದ ಪುಡಿ, ಉಪ್ಪು, ಇದ್ದಿಲು, ತುಸು ನೀರು. ಗಾಳಿ ತಾಗಿದ ಕೂಡಲೇ ಕಬ್ಬಿಣ ತುಕ್ಕು ಹಿಡಿಯತೊಡಗುತ್ತದೆ. ಒಂದು ಗ್ರಾಂ ಕಬ್ಬಿಣ ಪೂರ್ತಿ ತುಕ್ಕಾದರೆ ಸುಮಾರು 7 ಕಿಲೋಜೂಲ್ ಶಾಖ ಹೊರಬರುತ್ತದೆ. ಹಳೆಯ ಬಾಗಿಲಿನ ಚಿಲಕದಲ್ಲೂ ನಡೆಯುವುದು ಇದೇ. ಆದರೆ ಅದಕ್ಕೆ ವರ್ಷಗಳು ಬೇಕು, ಚೀಲಕ್ಕೆ ಕೆಲವು ಗಂಟೆ ಸಾಕು. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ರನ್ನ ಬೆಳಗಲಿಯ ಮಕ್ಕಳಿಗೆ ಇದೇಕೆ ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ಚೀಲ ನಮಗೆ ಬೇಡವೇ ಬೇಡ. ಆ ಪ್ರಯೋಗದ ಪದ್ಧತಿ ಮಾತ್ರ ನಮ್ಮ ವಿಜ್ಞಾನ ಮೇಳಗಳಿಗೆ ತುರ್ತಾಗಿ ಬೇಕು.

ಯಾಕೆಂದರೆ ಅದರಲ್ಲಿ ಜಾರಿ ಬೀಳುವುದು ಬಲು ಸುಲಭ, ಬಿದ್ದಲ್ಲೇ ಕಲಿಕೆಯೂ ಇದೆ. 35 ಡಿಗ್ರಿಯ ಜಾಗದಲ್ಲಿಟ್ಟ ಚೀಲ 52ಕ್ಕೇರಿತು, 10 ಡಿಗ್ರಿಯದು 26ಕ್ಕೆ ನಿಂತಿತು ಎಂದಿಟ್ಟುಕೊಳ್ಳಿ. ಮೊದಲನೆಯದೇ ಹೆಚ್ಚು ಶಾಖ ಕೊಟ್ಟಿತೆಂದು ಹುಡುಗ ಬರೆಯುತ್ತಾನೆ. ಕಳೆದು ನೋಡಿದರೆ ಏರಿಕೆ 17 ಮತ್ತು 16. ಉಳಿದದ್ದು ಸುತ್ತಲಿನ ಗಾಳಿಯ ಬಿಸಿ. ಶಾಖವೇ ಬೇರೆ, ತಾಪಮಾನವೇ ಬೇರೆ, ಕ್ರಿಯೆಯ ವೇಗ ಇನ್ನೂ ಬೇರೆ. ಪಠ್ಯದಲ್ಲಿ ಬಾಯಿಪಾಠವಾಗುವ ಈ ಮೂರು ಮಾತು ತನ್ನದೇ ಪಟ್ಟಿ ತನಗೆ ಮೋಸ ಮಾಡಿದಾಗ ಹುಡುಗನಿಗೆ ಅರ್ಥವಾಗುತ್ತವೆ. ಥರ್ಮಾಕೋಲಿನ ಜ್ವಾಲಾಮುಖಿ ಯಾರಿಗೂ ಮೋಸ ಮಾಡುವುದಿಲ್ಲ, ಏನನ್ನೂ ಕಲಿಸುವುದೂ ಇಲ್ಲ.

ಕಬ್ಬಿನ ಸೀಮೆಯಲ್ಲಿ ಇದೇ ಪ್ರಯೋಗವನ್ನು ತಿರುವಿಹಾಕಿ ಮಾಡಬಹುದು. ಸಿಂಪಡಿಸಲು ಯೂರಿಯಾ ಕರಗಿಸಿದ ರೈತರಿಗೆ ಬಕೆಟ್ ತಣ್ಣಗಾಗುವುದು ಗೊತ್ತು. ಅದು ಕರಗುವಾಗ ನೀರಿನ ಶಾಖವನ್ನೇ ಹೀರಿಕೊಳ್ಳುತ್ತದೆ. 100 ಮಿಲಿಲೀಟರ್ ನೀರಿಗೆ 20 ಗ್ರಾಂ ಹಾಕಿದರೆ ತಾಪಮಾನ ಸುಮಾರು 10 ಡಿಗ್ರಿ ಇಳಿಯಬೇಕು. ಡಿಸೆಂಬರಿನ ಬೆಳಗಿನ ನೀರಿನಲ್ಲಿ ಕರಗಲು ಎಷ್ಟು ನಿಮಿಷ, ಬಿಸಿಲಿಗಿಟ್ಟ ನೀರಿನಲ್ಲಿ ಎಷ್ಟು? ಈಗ ಬರುವ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪವಿದೆ. ಅದರಿಂದ ವೇಗ ಬದಲಾಗುತ್ತದೆಯೇ? ಇವು ಮನೆಯಲ್ಲೇ ಉತ್ತರ ಸಿಗುವ ಪ್ರಶ್ನೆಗಳು. ಬೆಲ್ಲದ ಗಾಣದಲ್ಲಂತೂ ತಾಪಮಾನವೇ ಹದ: ಪಾಕ ಸುಮಾರು 118 ಡಿಗ್ರಿಗೆ ಬಂದಾಗ ಕೊಪ್ಪರಿಗೆ ಇಳಿಸುತ್ತಾರೆ. ಅನುಭವಿಗಳು ತಣ್ಣೀರಿಗೆ ಒಂದು ಹನಿ ಬಿಟ್ಟೇ ಅದನ್ನು ಹೇಳಬಲ್ಲರು. ಆ ಕಣ್ಣಳತೆಯನ್ನು ಅಂಕಿಯ ಪಕ್ಕದಲ್ಲಿಟ್ಟು ನೋಡುವುದಕ್ಕಿಂತ ಒಳ್ಳೆಯ ವಿಷಯ ಮುಧೋಳ ತಾಲ್ಲೂಕಿನ ಶಾಲೆಗೆ ಇನ್ನೊಂದು ಸಿಗಲಾರದು. ಕುದಿಯುವ ಪಾಕದ ಹತ್ತಿರ ಹೋಗುವವರು ದೊಡ್ಡವರೇ ಆಗಿರಬೇಕು, ಅಷ್ಟೇ.

ಸಲಕರಣೆ ಇಲ್ಲ ಎಂಬ ಆಕ್ಷೇಪ ಇಲ್ಲಿ ನಿಲ್ಲುವುದಿಲ್ಲ. ಎರಡು ಥರ್ಮಾಮೀಟರ್, ಒಂದು ತಕ್ಕಡಿ, ಗಡಿಯಾರವಿದ್ದರೆ ಆಯಿತು. ಆರರಿಂದ ಹತ್ತನೇ ತರಗತಿಯ ಮಕ್ಕಳಿಗಾಗಿದ್ದ ಇನ್‌ಸ್ಪೈರ್ ಮಾನಕ್ ಯೋಜನೆ ಆಯ್ಕೆಯಾದವರಿಗೆ 10,000 ರೂಪಾಯಿ ಕೊಡುತ್ತಿತ್ತು. ಇದಕ್ಕೆ ಅದರ ಹತ್ತನೇ ಒಂದು ಪಾಲೂ ಬೇಡ. ಅಪಾಯದ ಮಾತಿಗೆ ಮಾತ್ರ ತೂಕವಿದೆ. ಲೋಕಾಪುರದ ಕಡೆ ಸುಣ್ಣದ ಕಲ್ಲಿಗೆ ಬರವಿಲ್ಲ, ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕುದಿಯುವುದೂ ನೋಡಲು ಚೆಂದ. ಆದರೆ ಸಿಡಿದ ಒಂದು ಚೂರು ಕಣ್ಣನ್ನೇ ಕಳೆಯಬಲ್ಲದು. ಅದನ್ನು ಮಕ್ಕಳ ಕೈಗೆ ಕೊಡಲೇಬಾರದು.

ಇನ್ನುಳಿದದ್ದು ತೀರ್ಪುಗಾರರ ತಕರಾರು: ಯೂರಿಯಾ ನೀರಿನ ಲೋಟದಲ್ಲಿ ನೋಡುವಂಥದ್ದೇನಿದೆ? ಲೋಟದಲ್ಲಿ ಏನೂ ಇಲ್ಲ, ನೋಟುಬುಕ್ಕಿನಲ್ಲಿದೆ. ಊರಿನ ಸಮಸ್ಯೆಯನ್ನೇ ಎತ್ತಿಕೊಳ್ಳಿ ಎಂದು 1993ರಿಂದ ಹೇಳುತ್ತ ಬಂದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದ ಉದ್ದೇಶವೂ ಇದೇ ಆಗಿತ್ತು. ಒಂದೇ ಪ್ರಯೋಗ ಮೂರು ಸಲ ಮಾಡಿ 9, 11, 8 ಡಿಗ್ರಿ ಎಂದು ಬರೆದ ಹುಡುಗಿಗೆ, ಮೂರೂ ಸಲ ಸರಿಯಾಗಿ 10 ಬಂತೆಂದು ಬರೆದವನಿಗಿಂತ ಹೆಚ್ಚು ಅಂಕ ಕೊಡಬೇಕು. ಎಂಟು ಬಂದ ದಿನ ಲೋಟದ ಬುಡ ಬಿಸಿಲಲ್ಲಿತ್ತು ಎಂಬ ಟಿಪ್ಪಣಿಯಿದ್ದರೆ ಇನ್ನೂ ಎರಡು.