ಏಳು ದಿನದ ಔಟ್‌ಪಾಸ್ ಯಾಕೆ?

ಹೋದ ಸೆಮಿಸ್ಟರ್ ಫೆಸ್ಟ್‌ಗೆ ರಿಜಿಸ್ಟ್ರೇಶನ್ ವೆಬ್‌ಸೈಟ್ ಮಾಡಿದ್ದು ನಾನು ಮತ್ತು ನನ್ನ ಇಬ್ಬರು ಕ್ಲಾಸ್‌ಮೇಟ್ಸ್. ಭಾಗವಹಿಸೋರು ಎಲ್ಲರೂ ಐಡಿ ಕಾರ್ಡ್ ಫೋಟೋ ಅಪ್‌ಲೋಡ್ ಮಾಡಬೇಕಿತ್ತು. ಫೋಟೋಗಳು ಅಮೆಜಾನ್ ಎಸ್3 ಬಕೆಟ್‌ಗೆ ಹೋಗ್ತಿದ್ದವು, ಆದರೆ ಪೇಜಲ್ಲಿ ಕಾಣಿಸ್ತಿರಲಿಲ್ಲ. ರಾತ್ರಿ ಎರಡು ಗಂಟೆ, ಬೆಳಿಗ್ಗೆ ಡೆಡ್‌ಲೈನ್. ಬಕೆಟ್ಟನ್ನೇ ಪಬ್ಲಿಕ್ ಮಾಡಿಬಿಟ್ವಿ. ಫೋಟೋ ಬಂತು, ನಿದ್ದೆನೂ ಬಂತು.

ಎರಡು ದಿನ ಆದಮೇಲೆ ಒಬ್ಬ ಜೂನಿಯರ್ ಬಂದು, "ಅಣ್ಣಾ, ಲಿಂಕ್ ಕೊನೆಯ ನಂಬರ್ ಬದಲಾಯಿಸಿದ್ರೆ ಬೇರೆಯವರ ಕಾರ್ಡ್ ಓಪನ್ ಆಗ್ತಿದೆ" ಅಂದ. ಹೆಸರು, ಮುಖ, ಬ್ಲಡ್ ಗ್ರೂಪ್, ಅಪ್ಪನ ಫೋನ್ ನಂಬರ್, ಎಲ್ಲಾ. ನಮ್ಮನ್ನು ನಂಬಿ ಕೊಟ್ಟಿದ್ದು. ಅವತ್ತಿನ ನಾಚಿಕೆ ಇನ್ನೂ ಹೋಗಿಲ್ಲ.

ಇದಕ್ಕೆ ಸರಿಯಾದ ದಾರಿ ಪ್ರಿಸೈನ್ಡ್ ಯುಆರ್‌ಎಲ್. ಬಕೆಟ್ ಪ್ರೈವೇಟ್ ಆಗೇ ಇರುತ್ತೆ. ನಮ್ಮ ಸರ್ವರ್ ತನ್ನ ಸೀಕ್ರೆಟ್ ಕೀಯಿಂದ ಲಿಂಕ್‌ಗೆ ಸಹಿ ಹಾಕಿ ಕೊಡುತ್ತೆ. ಹಾಸ್ಟೆಲ್ ಔಟ್‌ಪಾಸ್ ಇದ್ದ ಹಾಗೆ: ಯಾವ ಫೈಲ್, ಎಷ್ಟು ಹೊತ್ತು ಅಂತ ಅದರಲ್ಲೇ ಬರೆದಿರುತ್ತೆ. ಆದರೆ ಔಟ್‌ಪಾಸ್‌ನಲ್ಲಿ 8 ಗಂಟೆನ 9 ಅಂತ ತಿದ್ದಬಹುದು, ಇಲ್ಲಿ ಆಗಲ್ಲ. ಆ ಸಮಯವನ್ನೂ ಸೇರಿಸಿಯೇ ಸಹಿ ಲೆಕ್ಕ ಹಾಕಿರೋದ್ರಿಂದ, ಒಂದು ಅಂಕಿ ಬದಲಾದ್ರೂ 403 ಎರರ್. ಪೈಥಾನ್‌ನಲ್ಲಿ ಬೋಟೋ3 ಲೈಬ್ರರಿ ಇದ್ದರೆ ಇದು ಒಂದು ಸಾಲಿನ ಕೋಡ್.

ಆದರೆ ನನ್ನ ತಕರಾರು ಇರೋದು ಆ ಸಾಲಲ್ಲಿ ನಾವು ಬರೆಯೋ ಸಮಯದ ಬಗ್ಗೆ. ಏನೂ ಹೇಳದಿದ್ರೆ ಬೋಟೋ3 3600 ಸೆಕೆಂಡ್, ಅಂದ್ರೆ ಒಂದು ಗಂಟೆ ಕೊಡುತ್ತೆ. ಗರಿಷ್ಠ 604800, ಅಂದ್ರೆ ಏಳು ದಿನ. ನಮ್ಮಲ್ಲಿ ಎಷ್ಟೋ ಜನ "ತಲೆನೋವು ಬೇಡ" ಅಂತ ನೇರವಾಗಿ ಆ ಏಳು ದಿನ ಹಾಕ್ತಾರೆ, ಲಿಂಕ್‌ನ ವಾಟ್ಸಾಪ್ ಗ್ರೂಪಲ್ಲೂ ಹಾಕ್ತಾರೆ. ಈ ಗೇಟಲ್ಲಿ ಯಾರೂ ಮುಖ ನೋಡಲ್ಲ; ಪಾಸ್ ಯಾರ ಕೈಲಿದ್ಯೋ ಅವರು ಒಳಗೆ. ಒಂದು ಲಿಂಕ್ ಮಾತ್ರ ಕ್ಯಾನ್ಸಲ್ ಮಾಡೋ ಬಟನ್ ಕೂಡ ಇಲ್ಲ. ಸಹಿ ಹಾಕಿದ ಕೀಯನ್ನೇ ನಿಲ್ಲಿಸಿದ್ರೆ, ಆ ಕೀ ಸಹಿ ಮಾಡಿದ ಎಲ್ಲಾ ಲಿಂಕ್‌ಗಳೂ ಸಾಯ್ತವೆ. ಹಾಗಾಗಿ ಏಳು ದಿನದ ಲಿಂಕ್ ಅಂದ್ರೆ ಪಬ್ಲಿಕ್ ಬಕೆಟ್‌ನ ತಮ್ಮ, ಅಷ್ಟೇ.

"ಐದು ನಿಮಿಷ ಕೊಟ್ರೆ ಹಾಸ್ಟೆಲ್ ವೈಫೈಯಲ್ಲಿ ದೊಡ್ಡ ವಿಡಿಯೋ ಅರ್ಧಕ್ಕೇ ನಿಲ್ಲಲ್ವಾ?" ಅಂತ ನನ್ನ ರೂಮ್‌ಮೇಟ್ ಕೇಳಿದ. ನಿಲ್ಲಲ್ಲ. ಎಸ್3 ಸಮಯ ನೋಡೋದು ರಿಕ್ವೆಸ್ಟ್ ಬಂದಾಗ. ಶುರುವಾದ ಡೌನ್‌ಲೋಡ್ ಮುಂದುವರಿಯುತ್ತೆ. ಮಧ್ಯೆ ಕನೆಕ್ಷನ್ ಕಟ್ಟಾಗಿ, ಟೈಮ್ ಮುಗಿದ ಮೇಲೆ ಮತ್ತೆ ಶುರು ಮಾಡಿದ್ರೆ ಮಾತ್ರ ಹೊಸ ಲಿಂಕ್ ಬೇಕು. ಅದನ್ನ ಮಾಡೋಕೆ ಅಮೆಜಾನ್ ಹತ್ರ ಹೋಗೋದೂ ಬೇಡ, ಸಹಿ ನಮ್ಮ ಸರ್ವರ್‌ನಲ್ಲೇ ಆಗುತ್ತೆ.

ನಾನು ಹೇಳೋದು ಇಷ್ಟು. ಲಿಂಕ್ ಮೊದಲೇ ಮಾಡಿ ಡೇಟಾಬೇಸಲ್ಲಿ ಇಡಬೇಡಿ. ಯಾರಾದ್ರೂ ಕ್ಲಿಕ್ ಮಾಡಿದಾಗ, ಅವರು ಯಾರು, ಈ ಫೈಲ್ ನೋಡಬಹುದಾ ಅಂತ ಮೊದಲು ಚೆಕ್ ಮಾಡಿ. ಆಮೇಲೆ 300 ಸೆಕೆಂಡ್‌ಗೆ ಸಹಿ ಹಾಕಿ. ಮುಖ ನೋಡೋ ಕೆಲಸ ನಮ್ಮ ಕೋಡ್‌ದು, ಸಹಿದಲ್ಲ. ಮತ್ತೆ ಸೀಕ್ರೆಟ್ ಕೀನ ಗಿಟ್‌ಹಬ್‌ಗೆ ಹಾಕಿದ್ರೆ ವಾರ್ಡನ್ ಪೆನ್ನನ್ನೇ ಬೀದಿಗಿಟ್ಟ ಹಾಗೆ.

ಈ ಸಲ ಫೆಸ್ಟ್ ವೆಬ್‌ಸೈಟ್ ಜೂನಿಯರ್ಸ್ ಮಾಡ್ತಿದ್ದಾರೆ. ನಮಗೆ ತಪ್ಪು ತೋರಿಸಿದ ಆ ಹುಡುಗನೂ ಅದರಲ್ಲಿದ್ದಾನೆ. ಅದಕ್ಕೇ ನಾನೂ ನನ್ನ ಐಡಿ ಕಾರ್ಡ್ ಧೈರ್ಯವಾಗಿ ಅಪ್‌ಲೋಡ್ ಮಾಡ್ತೀನಿ.